ಪರಿಮಿತ ಹಣದಲ್ಲಿ ಆಟದ ಗಣಕಯಂತ್ರ

ಕಂಪ್ಯೂಟರಿನಲ್ಲಿ ಆಡುವ ಆಟಗಳ ಮೇಲೆ ವಿದ್ಯಾರ್ಥಿಗಳಿಗಿರುವ ಒಲವು ಎಲ್ಲರಿಗೂ ತಿಳಿದುದೇ. ಅಂತಹ ಆಟಗಳನ್ನು ನಡೆಸಬಲ್ಲ ಯಂತ್ರವನ್ನು ಸಿದ್ಧರೂಪದಲ್ಲಿ ಕೊಳ್ಳುವ ಬದಲು, ಅದರ ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿಕೊಳ್ಳುವ ಪದ್ಧತಿಯೂ ಉಂಟು. ಬೆಂಗಳೂರಿನ ಎಸ್. ಪಿ. ರಸ್ತೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್ ಈ ವ್ಯಾಪಾರಕ್ಕೆ ಹೆಸರಾದ ಸ್ಥಳಗಳು. ಆದರೆ ಅಂಗಡಿಯ ಮುಂದೆ ನಿಂತ ವಿದ್ಯಾರ್ಥಿಗೆ ದಿಕ್ಕು ತೋಚುವುದಿಲ್ಲ. ಹತ್ತಾರು ತಯಾರಕರು, ನೂರಾರು ಹೆಸರುಗಳು; ಪ್ರತಿಯೊಂದು ಡಬ್ಬಿಯ ಮೇಲೂ ದೊಡ್ಡ ದೊಡ್ಡ ಅಂಕೆಗಳು. ಕೈಯಲ್ಲಿರುವುದಾದರೋ ತಂದೆತಾಯಿಗಳು ಕಷ್ಟಪಟ್ಟು ಕೂಡಿಸಿಕೊಟ್ಟ ಹಣ. ಅದನ್ನು ಯಾವ ಭಾಗಕ್ಕೆ ಎಷ್ಟು ಹಂಚಬೇಕು?

ಬೆಲೆಗಳ ಪಟ್ಟಿಯೊಂದನ್ನು ಕೊಟ್ಟುಬಿಟ್ಟರೆ ಈ ಪ್ರಶ್ನೆಗೆ ಉತ್ತರವಾಗಲಾರದು. 2020ರಿಂದ 2022ರವರೆಗೆ ಗ್ರಾಫಿಕ್ಸ್ ಕಾರ್ಡುಗಳಿಗೆ ಬರ ಬಂದು ಬೆಲೆ ಗಗನಕ್ಕೇರಿತ್ತು. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ಭಾರಿ ಗಣಕಕೇಂದ್ರಗಳ ಬೇಡಿಕೆಯಿಂದಾಗಿ ರ‍್ಯಾಮಿನ ಬೆಲೆ ತೀವ್ರವಾಗಿ ಏರಿತು. ಇಂದಿನ ಬೆಲೆ ಬರುವ ತಿಂಗಳಿಗೆ ಹಳತು. ಆದರೆ ಯಂತ್ರವು ಕೆಲಸ ಮಾಡುವ ತತ್ತ್ವ ಹಾಗೆ ಬದಲಾಗುವುದಿಲ್ಲ. ಅದನ್ನು ತಿಳಿದವನು ಯಾವ ಕಾಲದ ಬೆಲೆಯಲ್ಲಿಯೂ ಸರಿಯಾದ ಆಯ್ಕೆಯನ್ನು ಮಾಡಬಲ್ಲನು.

ಚಿತ್ರ ಹುಟ್ಟುವ ಬಗೆ

ಚಲನಚಿತ್ರದ ತೆರೆಯ ಮೇಲೆ ಸೆಕೆಂಡಿಗೆ 24 ಬಿಡಿಚಿತ್ರಗಳು ಒಂದರ ಹಿಂದೊಂದು ಬೀಳುತ್ತವೆ. ನಮ್ಮ ಕಣ್ಣು ಅವುಗಳನ್ನು ಅಖಂಡವಾದ ಚಲನೆಯೆಂದು ಗ್ರಹಿಸುತ್ತದೆ. ಗಣಕಯಂತ್ರದ ಆಟವೂ ಇಂತಹ ಬಿಡಿಚಿತ್ರಗಳ ಸರಣಿಯೇ. ಆದರೆ ಮುಖ್ಯವಾದ ಒಂದು ಭೇದವಿದೆ. ಚಲನಚಿತ್ರದ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಆಟದಲ್ಲಿ ಆಟಗಾರನು ಮುಂದಿನ ಕ್ಷಣದಲ್ಲಿ ಯಾವ ಗುಂಡಿಯನ್ನೊತ್ತುವನೆಂಬುದು ಯಾರಿಗೂ ತಿಳಿಯದು. ಆದುದರಿಂದ ಪ್ರತಿಯೊಂದು ಚಿತ್ರವನ್ನೂ ಆಗಿಂದಾಗಲೇ ಹೊಸದಾಗಿ ರಚಿಸಬೇಕು. ಆಟವು ನಯವಾಗಿ ಸಾಗಲು ಸೆಕೆಂಡಿಗೆ 60 ಚಿತ್ರಗಳು ಬೇಕೆಂದಿಟ್ಟುಕೊಂಡರೆ, ಒಂದು ಚಿತ್ರಕ್ಕೆ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು ಮಾತ್ರ.

ಇಷ್ಟು ಅಲ್ಪ ಅವಧಿಯಲ್ಲಿ ಇಬ್ಬರು ಕೆಲಸಗಾರರು ದುಡಿಯುತ್ತಾರೆ. ಮೊದಲನೆಯದು ಪ್ರೊಸೆಸರ್. ಓಡುವವನು ಎಲ್ಲಿದ್ದಾನೆ, ಚೆಂಡು ಯಾವ ಕಡೆಗೆ ಪುಟಿಯುತ್ತದೆ, ಎದುರಾಳಿ ಏನು ಮಾಡುತ್ತಾನೆ ಎಂಬುದನ್ನು ಲೆಕ್ಕಹಾಕಿ, ‘ಇಂತಿಂಥದನ್ನು ಬರೆ’ ಎಂದು ಆಜ್ಞೆಯಿಡುವುದು ಅದರ ಕೆಲಸ. ಎರಡನೆಯದು ಗ್ರಾಫಿಕ್ಸ್ ಕಾರ್ಡ್. ಅದು ಆ ಆಜ್ಞೆಯಂತೆ ತೆರೆಯ ಮೇಲಿನ ಪ್ರತಿಯೊಂದು ಚುಕ್ಕಿಗೂ, ಎಂದರೆ ಪಿಕ್ಸೆಲ್ಲಿಗೂ, ಬಣ್ಣವನ್ನು ನಿರ್ಧರಿಸುತ್ತದೆ. ಸಾಧಾರಣ ಮಾನಿಟರಿನಲ್ಲಿ ಅಡ್ಡಸಾಲಿಗೆ 1920, ಮೇಲಿಂದ ಕೆಳಕ್ಕೆ 1080, ಒಟ್ಟು 20,73,600 ಚುಕ್ಕಿಗಳಿರುತ್ತವೆ. ಸೆಕೆಂಡಿಗೆ 60 ಚಿತ್ರಗಳಾದರೆ ಸುಮಾರು 12 ಕೋಟಿ 44 ಲಕ್ಷ ಚುಕ್ಕಿಗಳಿಗೆ ಬಣ್ಣ ತುಂಬಬೇಕಾಯಿತು!

ಈ ಎರಡು ಕೆಲಸಗಳ ಸ್ವಭಾವವೇ ಬೇರೆ. ಆಟದ ಗತಿಯನ್ನು ಲೆಕ್ಕಹಾಕುವಾಗ ಒಂದು ಹೆಜ್ಜೆ ಮುಗಿಯದೆ ಮುಂದಿನದನ್ನು ಇಡಲಾಗದ ಸಂದರ್ಭಗಳು ಬಹಳ. ಅಲ್ಲಿ ಬೇಕಾದವರು ಚುರುಕಾದ ಕೆಲವೇ ಮಂದಿ. ಚುಕ್ಕಿಗಳ ವಿಷಯ ಹಾಗಲ್ಲ; ಒಂದರ ಬಣ್ಣಕ್ಕಾಗಿ ಇನ್ನೊಂದು ಕಾಯಬೇಕಾದುದು ವಿರಳ. ಅಲ್ಲಿ ಸಾಧಾರಣ ಶಕ್ತಿಯ ಬಹುಮಂದಿ ಏಕಕಾಲದಲ್ಲಿ ದುಡಿಯಬಹುದು. 2021ರಲ್ಲಿ ಹೊರಬಂದ ಎರಡು ಮಿತವ್ಯಯದ ಭಾಗಗಳನ್ನು ನೋಡಿ. ರೈಜನ್ 5 5600ಜಿ ಎಂಬ ಪ್ರೊಸೆಸರಿನಲ್ಲಿ ತಿರುಳುಗಳು ಆರು, ರೇಡಿಯಾನ್ ಆರ್.ಎಕ್ಸ್. 6600 ಎಂಬ ಗ್ರಾಫಿಕ್ಸ್ ಕಾರ್ಡಿನಲ್ಲಿ ಗಣನೆಯ ಕಿರು ಘಟಕಗಳು 1792.

ಆಲೆಮನೆಯ ಲೆಕ್ಕ

ಕಬ್ಬಿನ ಆಲೆಮನೆಯನ್ನು ಕಂಡವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುವುದು. ಗಾಣವು ಒಂದು ಕೊಪ್ಪರಿಗೆಗೆ ಸಾಲುವಷ್ಟು ಹಾಲನ್ನು ಒಂದು ಗಂಟೆಯಲ್ಲಿ ಹಿಂಡುತ್ತದೆ, ಅದು ಕುದಿದು ಬೆಲ್ಲದ ಪಾಕವಾಗಲು ಮೂರು ಗಂಟೆ ಬೇಕು ಎಂದಿಟ್ಟುಕೊಳ್ಳಿ. ಗಾಣವನ್ನು ಇಮ್ಮಡಿ ವೇಗದ್ದಾಗಿ ಮಾಡಿದರೆ ಬೆಲ್ಲ ಹೆಚ್ಚುವುದೆ? ಇಲ್ಲ, ಕಬ್ಬಿನ ಹಾಲು ಕೊಪ್ಪರಿಗೆಗಾಗಿ ಕಾಯುತ್ತ ಕೂಡುತ್ತದೆ, ಅಷ್ಟೆ. ಗಾಣಕ್ಕೆ ಸುರಿದ ಹಣ ವ್ಯರ್ಥ.

ಗಣಕಯಂತ್ರದ ವಿಷಯವೂ ಹೀಗೆಯೇ. ಒಂದು ಚಿತ್ರವನ್ನು ಗ್ರಾಫಿಕ್ಸ್ ಕಾರ್ಡ್ ಬರೆಯುತ್ತಿರುವಾಗಲೇ ಪ್ರೊಸೆಸರ್ ಮುಂದಿನ ಚಿತ್ರದ ಲೆಕ್ಕವನ್ನು ಹಾಕತೊಡಗುತ್ತದೆ. ಒಂದು ಚಿತ್ರಕ್ಕೆ ಪ್ರೊಸೆಸರಿಗೆ 8 ಮಿಲಿಸೆಕೆಂಡು, ಗ್ರಾಫಿಕ್ಸ್ ಕಾರ್ಡಿಗೆ 20 ಮಿಲಿಸೆಕೆಂಡು ಬೇಕೆನ್ನೋಣ. ಇಬ್ಬರಲ್ಲಿ ನಿಧಾನವಾದವನ ಗತಿಯೇ ಯಂತ್ರದ ಗತಿ. ಆದುದರಿಂದ 20 ಮಿಲಿಸೆಕೆಂಡಿಗೊಂದು ಚಿತ್ರ, ಸೆಕೆಂಡಿಗೆ 50. ಈಗ ಹೆಚ್ಚು ಹಣ ಕೊಟ್ಟು ಇಮ್ಮಡಿ ವೇಗದ ಪ್ರೊಸೆಸರನ್ನು ತಂದರೆ ಅದರ ಕೆಲಸ 4 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಚಿತ್ರಗಳ ಸಂಖ್ಯೆ ಮಾತ್ರ 50ರಲ್ಲಿಯೇ ನಿಲ್ಲುತ್ತದೆ. ಅದೇ ಹಣವನ್ನು ಇಮ್ಮಡಿ ವೇಗದ ಗ್ರಾಫಿಕ್ಸ್ ಕಾರ್ಡಿಗೆ ವಿನಿಯೋಗಿಸಿದರೆ ಸೆಕೆಂಡಿಗೆ 100 ಚಿತ್ರಗಳು ದೊರೆಯುತ್ತವೆ.

ಆದರೆ ಇಲ್ಲಿಯೂ ಒಂದು ಮಿತಿಯುಂಟು. ಬೆಲ್ಲವನ್ನು ಹೊಯ್ಯಲು ಅಚ್ಚುಗಳು ಬೇಕಷ್ಟೆ. ಇಲ್ಲಿ ಅಚ್ಚಿನ ಸ್ಥಾನದಲ್ಲಿರುವುದು ಮಾನಿಟರ್. ಅದು ಸೆಕೆಂಡಿಗೆ 60 ಬಾರಿ ಮಾತ್ರ ಚಿತ್ರವನ್ನು ಬದಲಿಸುವಂಥದಾದರೆ, 100 ಚಿತ್ರಗಳನ್ನು ರಚಿಸಿದರೂ ತೆರೆಯು 60 ಬಾರಿಗಿಂತ ಹೆಚ್ಚು ಬದಲಾಗದು. ಆದುದರಿಂದ ಆಯ್ಕೆಯು ಮಾನಿಟರಿನಿಂದ ಆರಂಭವಾಗತಕ್ಕದ್ದು. ಅಡ್ಡಲಾಗಿ 3840, ಉದ್ದಕ್ಕೆ 2160 ಚುಕ್ಕಿಗಳುಳ್ಳ ತೆರೆಯನ್ನು ಆಶಿಸಿದರೆ ಚುಕ್ಕಿಗಳು ನಾಲ್ಮಡಿಯಾಗುತ್ತವೆ. ಗ್ರಾಫಿಕ್ಸ್ ಕಾರ್ಡಿನ ಹೊರೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಪರಿಮಿತ ಹಣವುಳ್ಳವರಿಗೆ 1920×1080ರ ತೆರೆಯೇ ಲೇಸು.

ಈಗಾಗಲೇ ಯಂತ್ರವಿದ್ದು ಅದನ್ನು ಉತ್ತಮಪಡಿಸಬೇಕೆನ್ನುವವರು ತಡೆ ಎಲ್ಲಿದೆಯೆಂಬುದನ್ನು ಸರಳವಾದ ಪ್ರಯೋಗದಿಂದ ಕಂಡುಕೊಳ್ಳಬಹುದು. ಆಟದ ಸೆಟ್ಟಿಂಗಿನಲ್ಲಿ ಚುಕ್ಕಿಗಳ ಸಂಖ್ಯೆಯನ್ನು ಇಳಿಸಿ ನೋಡಿ. ಚಿತ್ರಗಳ ಸಂಖ್ಯೆ ಗಮನಾರ್ಹವಾಗಿ ಏರಿದರೆ ತಡೆಯಿರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಏರದಿದ್ದರೆ ಕಾಯಿಸುತ್ತಿರುವುದು ಬಹುಶಃ ಪ್ರೊಸೆಸರ್. ಆಗ ಹೊಸ ಕಾರ್ಡನ್ನು ತಂದರೂ ಪ್ರಯೋಜನವಾಗದು.

ಹೆಸರಿಗೆ ಮರುಳಾಗಬಾರದು

ಗ್ರಾಫಿಕ್ಸ್ ಕಾರ್ಡನ್ನು ಅದರಲ್ಲಿ ಎಷ್ಟು ಗಿಗಾಬೈಟ್ ಸ್ಮೃತಿಯಿದೆ ಎಂಬುದರಿಂದಲೇ ಅಳೆಯುವುದು ರೂಢಿ. ಆದರೆ ಕಣಜ ದೊಡ್ಡದಾದರೆ ಸಾಲದು, ಬಾಗಿಲೂ ಅಗಲವಾಗಿರಬೇಕು. ಸ್ಮೃತಿಯಿಂದ ಸೆಕೆಂಡಿಗೆ ಎಷ್ಟು ಮಾಹಿತಿ ಹರಿದು ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ಜಿ.ಟಿ. 1030 ಎಂಬ ಕಾರ್ಡು 2017ರಲ್ಲಿ ಬಂದಾಗ ಈ ಹರಿವು ಸೆಕೆಂಡಿಗೆ 48 ಗಿಗಾಬೈಟ್ ಇತ್ತು. 2018ರಲ್ಲಿ ಅದೇ ಹೆಸರಿನಿಂದ, ಬೇರೆ ಬಗೆಯ ಸ್ಮೃತಿಯೊಡನೆ ಇನ್ನೊಂದು ಕಾರ್ಡು ಬಂದಿತು. ಅದರ ಹರಿವು 16.8 ಗಿಗಾಬೈಟ್ ಮಾತ್ರ. ಎರಡರಲ್ಲಿಯೂ ಇದ್ದುದು 2 ಗಿಗಾಬೈಟ್ ಸ್ಮೃತಿಯೇ! ಮೇಲೆ ಹೇಳಿದ ಆರ್.ಎಕ್ಸ್. 6600ರಲ್ಲಿ ಹರಿವು 224 ಗಿಗಾಬೈಟ್.

ಹಾಗೆಂದು ಕಣಜದ ಗಾತ್ರವನ್ನು ಕಡೆಗಣಿಸಲೂಬಾರದು. ಆಟದ ಸಾಮಗ್ರಿ ಕಾರ್ಡಿನ ಸ್ಮೃತಿಯಲ್ಲಿ ಹಿಡಿಸದೆ ಹೋದರೆ, ಉಳಿದುದನ್ನು ಮದರ್‌ಬೋರ್ಡಿನ ಮಾರ್ಗವಾಗಿ ರ‍್ಯಾಮಿನಿಂದ ತರಿಸಬೇಕಾಗುತ್ತದೆ. ಈ ಕಾರ್ಡಿಗೆ ಆ ಮಾರ್ಗದ ಹರಿವು ಹೆಚ್ಚೆಂದರೆ ಸುಮಾರು 16 ಗಿಗಾಬೈಟ್. ಆಗ ಆಟ ತಡೆತಡೆದು ನಡೆಯುವುದು. ಇತ್ತೀಚಿನ ಆಟಗಳಿಗೆ 8 ಗಿಗಾಬೈಟಿಗಿಂತ ಕಡಿಮೆಯ ಕಾರ್ಡನ್ನು ಕೊಳ್ಳದಿರುವುದು ಒಳಿತು.

ಸ್ಮೃತಿ ಮತ್ತು ಸಂಗ್ರಹ

ರ‍್ಯಾಮ್ 16 ಗಿಗಾಬೈಟ್ ಇದ್ದರೆ ಸಾಮಾನ್ಯವಾಗಿ ಸಾಕು. ಅದನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ, 8ರ ಎರಡು ಪಟ್ಟಿಗಳಾಗಿ ಕೊಳ್ಳಬೇಕು. ಡಿ.ಡಿ.ಆರ್.4 ಜಾತಿಯ 3200 ವೇಗದ ಒಂದು ಪಟ್ಟಿಯಿಂದ ಸೆಕೆಂಡಿಗೆ 25.6 ಗಿಗಾಬೈಟ್ ಹರಿಯಬಲ್ಲದು. ಎರಡು ಪಟ್ಟಿಗಳು ಬೇರೆಬೇರೆ ದಾರಿಗಳಲ್ಲಿ ಕುಳಿತರೆ 51.2. ಡಿ.ಡಿ.ಆರ್.4 ಮತ್ತು ಡಿ.ಡಿ.ಆರ್.5 ಪಟ್ಟಿಗಳ ಕಚ್ಚುಗಳು ಬೇರೆಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಥಾನದಲ್ಲಿ ಇನ್ನೊಂದು ಕೂರದು. ಆದಕಾರಣ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಈ ಮೂರನ್ನೂ ಒಟ್ಟಿಗೇ ಯೋಚಿಸಿ ಆರಿಸಬೇಕು.

ಸಂಗ್ರಹಕ್ಕೆ ಹಳೆಯ ಹಾರ್ಡ್ ಡಿಸ್ಕ್ ತಕ್ಕುದಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಮಾಹಿತಿ ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ 4 ಮಿಲಿಸೆಕೆಂಡಿಗೂ ಮೇಲೆ ಕಾಯಬೇಕು. ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ.ಯಲ್ಲಿ ಈ ಕಾಯುವಿಕೆ ಮಿಲಿಸೆಕೆಂಡಿನ ಹತ್ತನೆಯ ಒಂದು ಅಂಶದ ಆಸುಪಾಸಿನದು. ಹಾಗಾದರೆ ಅತ್ಯಂತ ವೇಗದ, ಅತ್ಯಂತ ದುಬಾರಿಯ ಎಸ್.ಎಸ್.ಡಿ. ಬೇಕೆ? ಅಮೆರಿಕದ ಗಣಕತಜ್ಞ ಜೀನ್ ಆಮ್‌ಡಾಲ್ 1967ರಲ್ಲಿ ಮಂಡಿಸಿದ ವಾದವೊಂದು ಇಲ್ಲಿ ನೆರವಾಗುತ್ತದೆ: ಕೆಲಸದ ಒಂದಂಶವನ್ನು ಎಷ್ಟೇ ಚುರುಕುಗೊಳಿಸಿದರೂ, ಉಳಿದ ಅಂಶಕ್ಕೆ ತಗಲುವ ಕಾಲಕ್ಕಿಂತ ಒಟ್ಟು ಕಾಲ ಕಡಿಮೆಯಾಗದು. ಆಟವು ತೆರೆದುಕೊಳ್ಳಲು 60 ಸೆಕೆಂಡು ಬೇಕು, ಅದರಲ್ಲಿ 50 ಡಿಸ್ಕಿನದು, 10 ಪ್ರೊಸೆಸರಿನದು ಎನ್ನಿ. ಸಂಗ್ರಹವು ಹತ್ತುಮಡಿ ಚುರುಕಾದರೆ ಒಟ್ಟು 15 ಸೆಕೆಂಡು. ನೂರುಮಡಿ ಚುರುಕಾದರೂ 10.5! ಮೊದಲ ಲಾಭ 45 ಸೆಕೆಂಡು, ಎರಡನೆಯದು ನಾಲ್ಕೂವರೆ ಮಾತ್ರ. ಸಾಧಾರಣ ಎಸ್.ಎಸ್.ಡಿ.ಯೇ ಸಾಕು.

ಉಳಿತಾಯ ಮಾಡಬಾರದ ಜಾಗ

ಹಣ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು, ಅಂಗಡಿಯವರು ಎಸ್.ಎಂ.ಪಿ.ಎಸ್. ಎನ್ನುವ ವಿದ್ಯುತ್ ಘಟಕಕ್ಕೆ. ಅದರಿಂದ ಒಂದು ಚಿತ್ರವೂ ಹೆಚ್ಚುವುದಿಲ್ಲವೆಂಬುದು ನಿಜ. ಆದರೆ ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12 ವೋಲ್ಟಿನ ನೇರ ವಿದ್ಯುತ್ತಾಗಿ ಪರಿವರ್ತಿಸುವುದು ಇದೇ ಪೆಟ್ಟಿಗೆ. ಕಳಪೆಯಾದುದು ಕೆಟ್ಟಾಗ ತಾನೊಂದೇ ಕೆಡುವುದಿಲ್ಲ. ತನಗೆ ಅಂಟಿಕೊಂಡ ದುಬಾರಿ ಭಾಗಗಳನ್ನೂ ಸುಟ್ಟುಹಾಕಬಲ್ಲದು. ಎಲ್ಲ ಹಣವೂ ಒಂದೇ ಕ್ಷಣದಲ್ಲಿ ಬೂದಿಯಾಗುವ ಸಂಭವವಿರುವುದು ಇಲ್ಲಿಯೇ.

ಎಷ್ಟು ಶಕ್ತಿಯದು ಬೇಕೆಂಬುದನ್ನು ಕೂಡುಲೆಕ್ಕದಿಂದಲೇ ತಿಳಿಯಬಹುದು. ಮೇಲೆ ಹೇಳಿದ ಪ್ರೊಸೆಸರಿಗೆ ಹೆಚ್ಚೆಂದರೆ 88 ವ್ಯಾಟ್, ಕಾರ್ಡಿಗೆ 132, ಉಳಿದ ಭಾಗಗಳಿಗೆ 50 ಎಂದರೂ ಒಟ್ಟು 270 ವ್ಯಾಟ್. ಕ್ಷಣಿಕ ಏರಿಕೆಗಳಿಗೆ ಅವಕಾಶವಿಟ್ಟು 450 ಅಥವಾ 500 ವ್ಯಾಟಿನ ಉತ್ತಮ ಘಟಕವನ್ನು ಕೊಂಡರೆ ಧಾರಾಳವಾಯಿತು. 2004ರಲ್ಲಿ ಆರಂಭವಾದ ‘80 ಪ್ಲಸ್’ ಎಂಬ ಮುದ್ರೆ ಸೂಚಿಸುವುದು ಕಾರ್ಯಕ್ಷಮತೆಯನ್ನು, ಸುರಕ್ಷಿತತೆಯನ್ನಲ್ಲ. ಹೆಚ್ಚು ಪ್ರವಾಹ, ಹೆಚ್ಚು ವೋಲ್ಟೇಜು, ಶಾರ್ಟ್ ಸರ್ಕ್ಯೂಟ್ ಇವುಗಳಿಂದ ರಕ್ಷಣೆಯಿದೆಯೇ, ಎಷ್ಟು ವರ್ಷಗಳ ವಾರಂಟಿಯಿದೆ ಎಂಬುದನ್ನು ಬೇರೆಯಾಗಿ ವಿಚಾರಿಸಬೇಕು. ಕ್ಯಾಬಿನೆಟ್ಟಿನೊಡನೆ ಉಚಿತವಾಗಿ ಬರುವ ಹೆಸರಿಲ್ಲದ ಘಟಕವನ್ನು ನಂಬಬಾರದು. ಇದಕ್ಕೆ ಬೇಕಾದ ಹಣವನ್ನು ಬಣ್ಣದ ದೀಪಗಳಿಂದಲೂ ಗಾಜಿನ ಬಾಗಿಲಿನಿಂದಲೂ ಉಳಿಸಬಹುದು. ಕ್ಯಾಬಿನೆಟ್ಟಿನಲ್ಲಿ ಗಾಳಿ ಒಳಬಂದು ಹೊರಹೋಗಲು ದಾರಿಯಿದ್ದರೆ ಸಾಕು.

ಎರಡು ಕಂತುಗಳ ಮಾರ್ಗ

ಇಷ್ಟಾದರೂ ಹಣ ಸಾಲದಿದ್ದರೆ? ಚಿತ್ರ ಬರೆಯುವ ಘಟಕವನ್ನು ತನ್ನೊಳಗೇ ಹೊಂದಿರುವ ಪ್ರೊಸೆಸರುಗಳೂ ಇವೆ, 5600ಜಿ ಅಂಥದೇ. ಆ ಒಳಘಟಕಕ್ಕೆ ಸ್ವಂತ ಸ್ಮೃತಿಯಿಲ್ಲ, ರ‍್ಯಾಮೇ ಆಧಾರ. ಆದುದರಿಂದ ಇಲ್ಲಿ ಎರಡು ಪಟ್ಟಿಗಳು ಅತ್ಯಗತ್ಯ. ಮೊದಲು ಇಂಥ ಪ್ರೊಸೆಸರನ್ನೂ ಒಳ್ಳೆಯ ವಿದ್ಯುತ್ ಘಟಕವನ್ನೂ ಕೊಂಡು ಓದುಬರಹವನ್ನೂ ಹಗುರವಾದ ಆಟಗಳನ್ನೂ ನಡೆಸಿ, ವರ್ಷದ ಮೇಲೆ ಗ್ರಾಫಿಕ್ಸ್ ಕಾರ್ಡನ್ನು ಸೇರಿಸುವುದು ವಿವೇಕದ ದಾರಿ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಅಕ್ಷರವಿದ್ದರೆ ಅದರೊಳಗೆ ಈ ಘಟಕ ಇಲ್ಲವೆಂದು ತಿಳಿಯಬೇಕು.

ಬಳಸಿದ ಕಾರ್ಡುಗಳೂ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಈಥೀರಿಯಮ್ ಎಂಬ ಗುಪ್ತನಾಣ್ಯವನ್ನು ಗ್ರಾಫಿಕ್ಸ್ ಕಾರ್ಡುಗಳಿಂದ ಗಳಿಸುವ ಪದ್ಧತಿ 2022ರ ಸೆಪ್ಟೆಂಬರಿನಲ್ಲಿ ಕೊನೆಗೊಂಡಾಗ, ಹಗಲಿರುಳು ದುಡಿದ ಅಸಂಖ್ಯಾತ ಕಾರ್ಡುಗಳು ಮಾರಾಟಕ್ಕೆ ಬಂದವು. ಬಳಸಿದುದನ್ನು ಕೊಳ್ಳುವವರು ಕಣ್ಣೆದುರಿನಲ್ಲಿಯೇ ಅರ್ಧ ಗಂಟೆ ಭಾರವಾದ ಆಟವನ್ನು ಓಡಿಸಿ, ಶಾಖವನ್ನೂ ಪಂಖದ ಸದ್ದನ್ನೂ ಪರೀಕ್ಷಿಸಿಯೇ ಹಣ ಕೊಡಬೇಕು.

ಅಂಗಡಿಗೆ ಹೊರಡುವ ಮುನ್ನ ಒಂದು ಕಾಗದದ ಮೇಲೆ ಮೂರು ಸಂಗತಿಗಳನ್ನು ಬರೆದುಕೊಳ್ಳಿ: ತೆರೆಯ ಚುಕ್ಕಿಗಳೆಷ್ಟು, ಸೆಕೆಂಡಿಗೆ ಬೇಕಾದ ಚಿತ್ರಗಳೆಷ್ಟು, ಎಲ್ಲ ಭಾಗಗಳೂ ಕೂಡಿ ಬಳಸುವ ವ್ಯಾಟುಗಳೆಷ್ಟು. ಬಳಿಕ ಅಂಗಡಿಯವರು ತೋರಿಸುವ ಪ್ರತಿಯೊಂದು ದುಬಾರಿ ಭಾಗದ ಬಗ್ಗೆಯೂ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಿ: ಇದು ಬಂದರೆ ಯಾರ ಕಾಯುವಿಕೆ ತಪ್ಪುತ್ತದೆ? ಉತ್ತರ ದೊರೆಯದಿದ್ದರೆ ಆ ಹಣ ಜೇಬಿನಲ್ಲಿಯೇ ಉಳಿಯಲಿ.