ಗುಂಡ್ಲುಪೇಟೆ

ಗುಂಡ್ಲುಪೇಟೆ ಕರ್ನಾಟಕ ರಾಜ್ಯದ ಚಾಮರಾಜನಗರ ಜಿಲ್ಲೆಯ ಒಂದು ಪಟ್ಟಣ ಹಾಗೂ ಅದೇ ಹೆಸರಿನ ತಾಲ್ಲೂಕಿನ ಆಡಳಿತ ಕೇಂದ್ರ. ಇದು ರಾಜ್ಯದ ದಕ್ಷಿಣದ ಅಂಚಿನಲ್ಲಿ, ಕೇರಳ ಮತ್ತು ತಮಿಳುನಾಡುಗಳ ಗಡಿಗೆ ಸಮೀಪದಲ್ಲಿದೆ. 2011ರ ಜನಗಣತಿಯಂತೆ ಪಟ್ಟಣದ ಜನಸಂಖ್ಯೆ 28,105. ಬಂಡೀಪುರ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲೆಂದು ಹೆಸರಾದ ಈ ಪಟ್ಟಣದಿಂದ ಎರಡು ರಾಷ್ಟ್ರೀಯ ಹೆದ್ದಾರಿಗಳು ಕಾಡಿನ ಮೂಲಕ ನೆರೆಯ ಎರಡು ರಾಜ್ಯಗಳಿಗೆ ಸಾಗುತ್ತವೆ. 1997ರವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು, ಆ ವರ್ಷ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಹೊಸ ಜಿಲ್ಲೆಯ ಭಾಗವಾಯಿತು.

ಭೌಗೋಳಿಕ ನೆಲೆ

ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ., ಜಿಲ್ಲಾ ಕೇಂದ್ರವಾದ ಚಾಮರಾಜನಗರದಿಂದ ಪಶ್ಚಿಮಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿದೆ. ತಾಲ್ಲೂಕಿನ ಉತ್ತರಕ್ಕೆ ನಂಜನಗೂಡು, ಪೂರ್ವಕ್ಕೆ ಚಾಮರಾಜನಗರ, ವಾಯವ್ಯಕ್ಕೆ ಸರಗೂರು ತಾಲ್ಲೂಕುಗಳಿವೆ. ದಕ್ಷಿಣದಲ್ಲಿ ತಮಿಳುನಾಡಿನ ನೀಲಗಿರಿ ಜಿಲ್ಲೆ, ನೈಋತ್ಯದಲ್ಲಿ ಕೇರಳದ ವಯನಾಡು ಜಿಲ್ಲೆ ಇವೆ. ಕಸಬಾ, ಬೇಗೂರು, ತೆರಕಣಾಂಬಿ ಮತ್ತು ಹಂಗಳ ಎಂಬ ನಾಲ್ಕು ಹೋಬಳಿಗಳಾಗಿ ತಾಲ್ಲೂಕು ವಿಂಗಡಣೆಯಾಗಿದೆ.

ನೆಲದ ಸ್ವರೂಪದಲ್ಲಿ ತಾಲ್ಲೂಕನ್ನು ಸ್ಥೂಲವಾಗಿ ಎರಡು ಭಾಗಗಳಾಗಿ ನೋಡಬಹುದು. ಉತ್ತರ ಮತ್ತು ಪೂರ್ವದ ಭಾಗ ಕೆಂಪು ಮಣ್ಣಿನ, ಅಲೆಅಲೆಯಾಗಿ ಏರಿಳಿಯುವ ಬಯಲು. ಇಲ್ಲಿ ಊರುಗಳೂ ಬೇಸಾಯದ ಹೊಲಗಳೂ ಹರಡಿವೆ. ದಕ್ಷಿಣ ಮತ್ತು ಪಶ್ಚಿಮದ ಭಾಗ ಬೆಟ್ಟಗುಡ್ಡಗಳ ಕಾಡು. 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಈ ಭಾಗದ ಪ್ರಮುಖ ಶಿಖರ. ಬಯಲು ಮತ್ತು ಕಾಡುಗಳ ನಡುವೆ ಅಗಲವಾದ ಅಂತರವಿಲ್ಲ. ಹಂಗಳ ಹೋಬಳಿಯ ಅನೇಕ ಗ್ರಾಮಗಳ ಹೊಲಗಳು ಅರಣ್ಯದ ಅಂಚಿಗೇ ತಾಗಿಕೊಂಡಿವೆ.

ನದಿ ಮತ್ತು ನೀರು

ಪಟ್ಟಣದ ಹೆಸರಿನೊಂದಿಗೆ ಹೊಂದಿಕೊಂಡಿರುವ ಗುಂಡ್ಲು ಹೊಳೆ ತಾಲ್ಲೂಕಿನ ದಕ್ಷಿಣದ ಬೆಟ್ಟಸಾಲಿನಲ್ಲಿ ಹುಟ್ಟಿ, ಉತ್ತರಾಭಿಮುಖವಾಗಿ ಹರಿದು, ನಂಜನಗೂಡಿನ ಬಳಿ ಕಪಿಲಾ (ಕಬಿನಿ) ನದಿಯನ್ನು ಸೇರುತ್ತದೆ. ಇದಕ್ಕೆ ಕೌಂಡಿನ್ಯಾ ಎಂಬ ಹೆಸರೂ ಇದೆ. ನಂಜನಗೂಡಿನ ಪರಶುರಾಮ ಕ್ಷೇತ್ರವನ್ನು ಕಪಿಲಾ–ಕೌಂಡಿನ್ಯಾ ಸಂಗಮವೆಂದು ಗುರುತಿಸಲಾಗುತ್ತದೆ. ಗುಂಡ್ಲು ಮಳೆಗಾಲದಲ್ಲಿ ಮಾತ್ರ ಹರಿಯುವ ಹೊಳೆಯಾಗಿದ್ದು, ವರ್ಷದ ಬಹುಭಾಗ ಅದರ ಪಾತ್ರ ಒಣಗಿರುತ್ತದೆ.

ಹೀಗಾಗಿ ಬೇಸಾಯಕ್ಕೆ ಕೆರೆಗಳು ಮತ್ತು ಕೊಳವೆ ಬಾವಿಗಳೇ ಮುಖ್ಯ ಆಧಾರ. ಪಟ್ಟಣದ ಕುಡಿಯುವ ನೀರು ಕಬಿನಿ ನದಿಯಿಂದ ಬರುತ್ತದೆ. ಅಂತರ್ಜಲ ಕುಸಿದ ಕಾರಣ, ಕಬಿನಿಯ ನೀರನ್ನು ಮೇಲೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸುವ ಯೋಜನೆಗಳನ್ನು ಸರ್ಕಾರ ಕೈಗೊಂಡಿದೆ. ಗುಂಡ್ಲು ಹೊಳೆ ಕಪಿಲೆಗೆ ಕೊಡಬೇಕಾದ ನೀರನ್ನು ಕಪಿಲೆಯೇ ಗುಂಡ್ಲುವಿನ ನಾಡಿಗೆ ಹಿಂದಿರುಗಿಸಬೇಕಾದ ಸ್ಥಿತಿ ಇಂದಿನದು.

ಹವಾಮಾನ ಮತ್ತು ಬೆಳೆ

ಗುಂಡ್ಲುಪೇಟೆ ಪಶ್ಚಿಮ ಘಟ್ಟಗಳ ಮಳೆನೆರಳಿನ ಪ್ರದೇಶದಲ್ಲಿದೆ. ನೈಋತ್ಯ ಮುಂಗಾರಿನ ಮೋಡಗಳು ವಯನಾಡಿನ ಮತ್ತು ನೀಲಗಿರಿಯ ಪಶ್ಚಿಮ ಇಳಿಜಾರುಗಳಲ್ಲಿ ಬಹುಪಾಲು ಮಳೆ ಸುರಿಸಿ ಇಲ್ಲಿಗೆ ಬರುವ ವೇಳೆಗೆ ಹಗುರಾಗಿರುತ್ತವೆ. ಆದ್ದರಿಂದ ಜೂನ್–ಜುಲೈ ತಿಂಗಳುಗಳಲ್ಲಿ ಗಡಿಯಾಚೆ ಧಾರಾಕಾರ ಮಳೆ ಇರುವಾಗಲೂ ಇಲ್ಲಿ ತುಂತುರು ಮಳೆಯೇ ಹೆಚ್ಚು. ಏಪ್ರಿಲ್–ಮೇ ತಿಂಗಳ ಮುಂಗಾರು ಪೂರ್ವ ಮಳೆ ಹಾಗೂ ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಮಳೆಗಳು ರೈತರಿಗೆ ಮುಖ್ಯವಾದವು.

ರಾಗಿ, ಜೋಳ, ಹುರುಳಿ ಮತ್ತು ಅವರೆ ಇಲ್ಲಿನ ಹಳೆಯ ಮಳೆಯಾಶ್ರಿತ ಬೆಳೆಗಳು. ಅರಿಸಿನ, ಬಾಳೆ, ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಎಲೆಕೋಸು, ಬೀಟ್‌ರೂಟ್ ಮೊದಲಾದವನ್ನು ಕೊಳವೆ ಬಾವಿಗಳ ನೀರಿನಲ್ಲಿ ಬೆಳೆಯಲಾಗುತ್ತದೆ. ಮಳೆಗಾಲದ ಆರಂಭದಲ್ಲಿ ಹೆದ್ದಾರಿಯ ಇಕ್ಕೆಲಗಳಲ್ಲಿ ಅರಳುವ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳನ್ನು ನೋಡಲು ಕೇರಳದಿಂದ ಪ್ರವಾಸಿಗರು ಬರುತ್ತಾರೆ. ಚೆಂಡುಹೂವಿನ ಬಹುಭಾಗ ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಿಂದ ಕೇರಳ ಮತ್ತು ತಮಿಳುನಾಡುಗಳಿಗೆ ತರಕಾರಿ ರವಾನೆಯಾಗುತ್ತದೆ. ಓಣಂ ಹಬ್ಬದ ಸಮಯದಲ್ಲಿ ಬೇಡಿಕೆ ಏರುವುದೂ, ಗಡಿಯಾಚೆಯ ಪೇಟೆ ಕುಸಿದರೆ ಇಲ್ಲಿನ ಬೆಲೆ ಇಳಿಯುವುದೂ ಸಾಮಾನ್ಯ.

ತಾಲ್ಲೂಕಿನಲ್ಲಿ ಕಲ್ಲು ಗಣಿಗಾರಿಕೆಯೂ ನಡೆಯುತ್ತದೆ. 2022ರ ಮಾರ್ಚ್‌ನಲ್ಲಿ ಮಡಹಳ್ಳಿಯ ಗುಮ್ಮಕಲ್ಲು ಗುಡ್ಡದ ಗಣಿಯಲ್ಲಿ ಬಂಡೆಗಳು ಕುಸಿದು ಕಾರ್ಮಿಕರು ಸಾವಿಗೀಡಾದರು.

ಇತಿಹಾಸ

ಗುಂಡ್ಲುಪೇಟೆಯ ಹಿಂದಿನ ಹೆಸರು ವಿಜಯಪುರ. ಪಟ್ಟಣದಲ್ಲಿರುವ ಪ್ರಾಚೀನ ವಿಜಯನಾರಾಯಣಸ್ವಾಮಿ ದೇವಾಲಯ ಆ ಹೆಸರನ್ನು ನೆನಪಿಸುತ್ತದೆ. ಮೈಸೂರಿನ ಒಡೆಯರ ಕಾಲದಲ್ಲಿ ಊರಿಗೆ ಹೆಚ್ಚಿನ ಪ್ರಾಮುಖ್ಯ ದೊರೆಯಿತು. ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟಕ್ಕೆ ಬರುವ ಮುನ್ನ ಸಮೀಪದ ಹಂಗಳದಲ್ಲಿ ವಾಸವಾಗಿದ್ದರು. ಅರಸರಾದ ಮೇಲೆ ತಮ್ಮ ತಂದೆಯ ಸ್ಮರಣಾರ್ಥ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು.

ಜನಸಂಖ್ಯೆ

2001ರ ಜನಗಣತಿಯಲ್ಲಿ ಗುಂಡ್ಲುಪೇಟೆ ಪಟ್ಟಣದ ಜನಸಂಖ್ಯೆ 26,368 ಇತ್ತು. 2011ರಲ್ಲಿ ಅದು 28,105ಕ್ಕೆ ಏರಿತು. ಹತ್ತು ವರ್ಷಗಳಲ್ಲಿ ಹೆಚ್ಚಿದವರು 1,737 ಮಂದಿ. ಬೆಳವಣಿಗೆಯ ದರ ಶೇ. 6.6. ಇದೇ ಅವಧಿಯಲ್ಲಿ ಚಾಮರಾಜನಗರ ಪಟ್ಟಣ 60,810ರಿಂದ 69,875ಕ್ಕೆ, ಅಂದರೆ ಶೇ. 14.9ರಷ್ಟು ಬೆಳೆಯಿತು. ಇಡೀ ಜಿಲ್ಲೆಯ ಜನಸಂಖ್ಯೆ 9,65,462ರಿಂದ 10,20,791ಕ್ಕೆ ಏರಿದ್ದು, ದರ ಶೇ. 5.73. ರಾಜ್ಯದ ಸರಾಸರಿ ಶೇ. 15.6 ಆಗಿತ್ತು.

ಈ ಅಂಕಿಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚಾಮರಾಜನಗರ ಪಟ್ಟಣ ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿ, ಶಾಲೆ, ವ್ಯಾಪಾರಗಳ ಆಕರ್ಷಣೆಯಿಂದ ರಾಜ್ಯದ ಸರಾಸರಿಗೆ ಸಮೀಪದ ವೇಗದಲ್ಲಿ ಬೆಳೆದರೆ, ಗುಂಡ್ಲುಪೇಟೆ ಸುತ್ತಲಿನ ಗ್ರಾಮೀಣ ಪ್ರದೇಶದಂತೆಯೇ ನಿಧಾನವಾಗಿ ಬೆಳೆದಿದೆ. ಇಂತಹ ಮಂದಗತಿಯ ಬೆಳವಣಿಗೆಗೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ: ಜನನ ಪ್ರಮಾಣದ ಇಳಿಕೆ ಮತ್ತು ಹೊರವಲಸೆ. ತಾಲ್ಲೂಕಿನಲ್ಲಿ ದೊಡ್ಡ ಕೈಗಾರಿಕೆಗಳಿಲ್ಲ. ಪಟ್ಟಣಕ್ಕೆ ರೈಲು ಸಂಪರ್ಕವಿಲ್ಲ. ಬೇಸಾಯ ಮಳೆಯನ್ನು ನಂಬಿದೆ. ನಂಜನಗೂಡಿನ ಕಾರ್ಖಾನೆಗಳು, ಮೈಸೂರು ಮತ್ತು ಬೆಂಗಳೂರು ನಗರಗಳು, ಕೊಡಗು ಹಾಗೂ ವಯನಾಡಿನ ತೋಟಗಳು ಇಲ್ಲಿನ ದುಡಿಯುವ ಜನರನ್ನು ಸೆಳೆಯುತ್ತವೆ.

ಜನಗಣತಿಯ ಸಂಖ್ಯೆಯನ್ನು ಓದುವಾಗ ಇನ್ನೆರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಅದು ಪುರಸಭೆಯ ಎಲ್ಲೆಯೊಳಗೆ ವಾಸಿಸುವವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಲ್ಲೆಯ ಹೊರಗೆ ತಲೆಯೆತ್ತಿದ ಬಡಾವಣೆಗಳ ಜನರು ಗ್ರಾಮೀಣ ಲೆಕ್ಕಕ್ಕೆ ಸೇರುತ್ತಾರೆ. ಎರಡನೆಯದಾಗಿ, ಸಂತೆ, ಕಚೇರಿ, ಕಾಲೇಜು ಮತ್ತು ಆಸ್ಪತ್ರೆಗಳಿಗೆ ಹಳ್ಳಿಗಳಿಂದ ಬಂದು ಸಂಜೆ ಹಿಂದಿರುಗುವವರೂ ಊಟಿ, ವಯನಾಡುಗಳಿಗೆ ಸಾಗುವ ಪ್ರವಾಸಿಗರೂ ಈ ಸಂಖ್ಯೆಯಲ್ಲಿ ಇಲ್ಲ. ಆದರೂ ಪಟ್ಟಣದ ರಸ್ತೆ, ನೀರು ಮತ್ತು ನೈರ್ಮಲ್ಯದ ವ್ಯವಸ್ಥೆ ಅವರೆಲ್ಲರ ಭಾರವನ್ನೂ ಹೊರಬೇಕಾಗುತ್ತದೆ.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೋವಿಡ್ ಸಾಂಕ್ರಾಮಿಕದ ಕಾರಣ ಮುಂದೂಡಲ್ಪಟ್ಟಿತು. ಆದ್ದರಿಂದ ಆ ನಂತರವೂ 2011ರ ಅಂಕಿಗಳೇ ಅಧಿಕೃತ ಆಧಾರವಾಗಿ ಬಳಕೆಯಲ್ಲಿ ಉಳಿದವು.

ಜಿಲ್ಲೆಯ ಸಾಮಾಜಿಕ ಚಿತ್ರ

2011ರಂತೆ ಚಾಮರಾಜನಗರ ಜಿಲ್ಲೆಯಲ್ಲಿ ಪ್ರತಿ ಚದರ ಕಿ.ಮೀ.ಗೆ 200 ಜನರಿದ್ದರು. ರಾಜ್ಯದ ಸರಾಸರಿ 319. ಜಿಲ್ಲೆಯ ಅರ್ಧದಷ್ಟು ಭಾಗ ಅರಣ್ಯವಾಗಿರುವುದು ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಜನವಸತಿಯಿರುವ ಬಯಲಿನಲ್ಲಿ ಸಾಂದ್ರತೆ ಇದಕ್ಕಿಂತ ಬಹಳ ಹೆಚ್ಚು. ಪ್ರತಿ 1,000 ಪುರುಷರಿಗೆ 993 ಮಹಿಳೆಯರಿದ್ದರು. ಸಾಕ್ಷರತೆ ಸುಮಾರು ಶೇ. 61 ಇದ್ದು, ರಾಜ್ಯದ ಸರಾಸರಿಯಾದ ಶೇ. 75ಕ್ಕಿಂತ ಬಹಳ ಕೆಳಗಿತ್ತು. ಜಿಲ್ಲೆಯ ಜನರಲ್ಲಿ ಸುಮಾರು ಶೇ. 25 ಪರಿಶಿಷ್ಟ ಜಾತಿಗಳಿಗೂ ಸುಮಾರು ಶೇ. 12 ಪರಿಶಿಷ್ಟ ಪಂಗಡಗಳಿಗೂ ಸೇರಿದ್ದರು.

ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನಲ್ಲಿ ಜೇನುಕುರುಬ, ಕಾಡುಕುರುಬ ಮತ್ತು ಸೋಲಿಗ ಸಮುದಾಯಗಳ ಹಾಡಿಗಳಿವೆ. ಕನ್ನಡ ಪ್ರಧಾನ ಭಾಷೆ; ಪಟ್ಟಣದಲ್ಲಿ ಉರ್ದು, ತಮಿಳು ಮತ್ತು ಮಲಯಾಳಂ ಭಾಷೆಗಳೂ ಕೇಳಿಬರುತ್ತವೆ. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರು, ಮಲೆಯ ಮಾದೇಶ್ವರನನ್ನು ಹಾಡುವ ದೇವರಗುಡ್ಡರು ಈ ಜಿಲ್ಲೆಯ ಜನಪದ ಪರಂಪರೆಯ ವಾರಸುದಾರರು.

ಹೆದ್ದಾರಿ ಮತ್ತು ಅರಣ್ಯ

ಮೈಸೂರಿನಿಂದ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 766 (ಹಿಂದಿನ 212) ಮೂಲೆಹೊಳೆಯ ಮೂಲಕ ಕೇರಳದ ಸುಲ್ತಾನ್ ಬತ್ತೇರಿಗೂ, ಹೆದ್ದಾರಿ 181 (ಹಿಂದಿನ 67) ಹಂಗಳ ಮತ್ತು ಬಂಡೀಪುರಗಳ ಮೂಲಕ ತಮಿಳುನಾಡಿನ ಗೂಡಲೂರು ಹಾಗೂ ಊಟಿಗೂ ಹೋಗುತ್ತವೆ. ಸಮೀಪದ ರೈಲು ನಿಲ್ದಾಣಗಳು ನಂಜನಗೂಡು ಮತ್ತು ಚಾಮರಾಜನಗರದಲ್ಲಿವೆ.

ಎರಡೂ ರಸ್ತೆಗಳು ಹಾದುಹೋಗುವ ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿದ ದೇಶದ ಮೊದಲ ಅರಣ್ಯಗಳಲ್ಲೊಂದು. ಅದು ಮುದುಮಲೈ, ವಯನಾಡು ಮತ್ತು ನಾಗರಹೊಳೆ ಅರಣ್ಯಗಳೊಂದಿಗೆ ಸೇರಿ ಆನೆಗಳ ಮತ್ತು ಹುಲಿಗಳ ಬಹುದೊಡ್ಡ ನೆಲೆಯಾಗಿದೆ. ವಾಹನಗಳಿಗೆ ಸಿಕ್ಕಿ ವನ್ಯಜೀವಿಗಳು ಸಾಯುತ್ತಿದ್ದ ಕಾರಣ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅರಣ್ಯದೊಳಗಿನ ಸಂಚಾರಕ್ಕೆ ನಿರ್ಬಂಧ ಹೇರಲಾಯಿತು. ನಿಗದಿತ ಸಂಖ್ಯೆಯ ಬಸ್ಸುಗಳಿಗೂ ತುರ್ತು ವಾಹನಗಳಿಗೂ ವಿನಾಯಿತಿ ಇದೆ. ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗ ಕೇರಳಕ್ಕೆ ಪರ್ಯಾಯವಾಗಿದೆ. ವ್ಯಾಪಾರಕ್ಕೂ ಪ್ರಯಾಣಕ್ಕೂ ತೊಂದರೆಯೆಂದು ವಯನಾಡಿನಲ್ಲಿ ನಿರ್ಬಂಧಕ್ಕೆ ವಿರೋಧವಿದೆ. 2019ರಲ್ಲಿ ಅಲ್ಲಿ ದೊಡ್ಡ ಪ್ರತಿಭಟನೆಗಳು ನಡೆದವು. ಕರ್ನಾಟಕದಲ್ಲಿ ಪರಿಸರ ಸಂಘಟನೆಗಳು ನಿರ್ಬಂಧವನ್ನು ಬೆಂಬಲಿಸುತ್ತ ಬಂದಿವೆ.

ಕಾಡಂಚಿನ ರೈತರಿಗೆ ಅರಣ್ಯವು ಬೇರೊಂದು ರೀತಿಯ ಪ್ರಶ್ನೆ. ಆನೆ ಮತ್ತು ಹಂದಿಗಳಿಂದ ಬೆಳೆಹಾನಿ, ಹುಲಿ ಮತ್ತು ಚಿರತೆಗಳಿಂದ ಜಾನುವಾರುಗಳ ಸಾವು ಇಲ್ಲಿ ಪದೇಪದೇ ಸಂಭವಿಸುತ್ತವೆ. ಆನೆ ಕಂದಕ, ಸೌರ ಬೇಲಿ ಹಾಗೂ ರೈಲು ಕಂಬಿಯ ತಡೆಗೋಡೆಗಳನ್ನು ಅರಣ್ಯ ಇಲಾಖೆ ನಿರ್ಮಿಸುತ್ತಿದೆ.

ಆಡಳಿತ

ಪಟ್ಟಣದ ಸ್ಥಳೀಯ ಆಡಳಿತ ಪುರಸಭೆಯದು. ರಾಜ್ಯದ ಕಾನೂನಿನಂತೆ 20,000ದಿಂದ 50,000 ಜನಸಂಖ್ಯೆಯ ಊರುಗಳಿಗೆ ಪುರಸಭೆಯೂ ಅದಕ್ಕೂ ದೊಡ್ಡ ಊರುಗಳಿಗೆ ನಗರಸಭೆಯೂ ಇರುತ್ತವೆ, ಚಾಮರಾಜನಗರದ್ದು ನಗರಸಭೆ. ಗುಂಡ್ಲುಪೇಟೆ ವಿಧಾನಸಭಾ ಕ್ಷೇತ್ರವು ಚಾಮರಾಜನಗರ ಲೋಕಸಭಾ ಕ್ಷೇತ್ರದ ವ್ಯಾಪ್ತಿಯಲ್ಲಿದೆ. ಈ ಕ್ಷೇತ್ರದಿಂದ ಏಳು ಬಾರಿ ಆಯ್ಕೆಯಾದ ಕೆ. ಎಸ್. ನಾಗರತ್ನಮ್ಮ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾಗಿ 1972ರಿಂದ 1978ರವರೆಗೆ ಕಾರ್ಯನಿರ್ವಹಿಸಿದರು.

ಸಮೀಪದ ಸ್ಥಳಗಳು

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲಿನ ವೇಣುಗೋಪಾಲಸ್ವಾಮಿ ದೇವಾಲಯ ಹೊಯ್ಸಳರ ಕಾಲದ್ದೆಂದು ಪ್ರತೀತಿ. ಸದಾ ಮಂಜು ಕವಿಯುವುದರಿಂದ ಬೆಟ್ಟಕ್ಕೆ ಈ ಹೆಸರು ಬಂದಿದೆ. ಹುಲಿ ಸಂರಕ್ಷಿತ ಪ್ರದೇಶದೊಳಗಿರುವ ಕಾರಣ ಖಾಸಗಿ ವಾಹನಗಳನ್ನು ತಪ್ಪಲಿನಲ್ಲಿಯೇ ನಿಲ್ಲಿಸಿ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರಬೇಕು. ತೆರಕಣಾಂಬಿ ಬಳಿಯ ಹುಲುಗಿನಮುರಡಿ ವೆಂಕಟರಮಣಸ್ವಾಮಿ ಬೆಟ್ಟ ಹಾಗೂ ಸ್ಕಂದಗಿರಿಯೆಂದು ಕರೆಯುವ ಪಾರ್ವತಿ ಬೆಟ್ಟ ತಾಲ್ಲೂಕಿನ ಇತರ ಯಾತ್ರಾಸ್ಥಳಗಳು.