ಅಸಲಿ ಹಣ ಮುಟ್ಟದೆ ತಂತ್ರಾಂಶದ ಪರೀಕ್ಷೆ

ಮುಂಬಯಿ ಮಹಾನಗರದ ರಾಷ್ಟ್ರೀಯ ಷೇರುಪೇಟೆಯು ರಜಾದಿನವಾದ ಶನಿವಾರಗಳಂದು ಆಗಾಗ ಅಣಕು ವಹಿವಾಟು ನಡೆಸುತ್ತದೆ. ಬ್ರೋಕರ್ ಸಂಸ್ಥೆಗಳು ಅಂದು ಕೊಳ್ಳುತ್ತವೆ, ಮಾರುತ್ತವೆ. ಆದರೆ ಒಂದು ರೂಪಾಯಿಯೂ ಕೈ ಬದಲಾಗುವುದಿಲ್ಲ. ಅಸಲಿ ಹಣ ಹರಿಯುವ ಮೊದಲೇ ದೋಷ ಕಾಣಲಿ ಎಂಬುದೇ ಉದ್ದೇಶ. ಸೀಪ್ಜ್, ಪೊವಾಯಿ, ಐರೋಲಿಯ ಕಚೇರಿಗಳಲ್ಲಿ ತಂತ್ರಾಂಶ ಬರೆಯುವ ನಮ್ಮ ಮಕ್ಕಳೂ ಇಂಥದೇ ಉಪಾಯವನ್ನು ಚಿಕ್ಕ ಪ್ರಮಾಣದಲ್ಲಿ ಬಳಸುತ್ತಾರೆ. ಅದಕ್ಕೆ ಮಾಕ್ ಆಬ್ಜೆಕ್ಟ್, ಅಂದರೆ ಅಣಕು ವಸ್ತು, ಎಂದು ಹೆಸರು.

ಹಣ ವರ್ಗಾವಣೆಯ ಒಂದು ತಂತ್ರಾಂಶವನ್ನು ಊಹಿಸೋಣ. ಅದರಲ್ಲಿ 'ಪಾವತಿ' ಎಂಬ ಕ್ಲಾಸ್ ಇದೆ. ಬ್ಯಾಂಕಿನೊಡನೆ ಮಾತನಾಡುವ ಸಂಪರ್ಕ ವಸ್ತುವನ್ನು ಅದು ತಾನೇ ಸೃಷ್ಟಿಸಿಕೊಳ್ಳುತ್ತದೆ. ಹೀಗಿದ್ದರೆ ಪ್ರತಿ ಪರೀಕ್ಷೆಯೂ ನಿಜವಾದ ಬ್ಯಾಂಕಿನ ಬಾಗಿಲು ತಟ್ಟಬೇಕಾಗುತ್ತದೆ. ಹಣ ಕಡಿತವಾಗಿ, ಉತ್ತರ ಬರುವ ಮೊದಲೇ ಸಂಪರ್ಕ ಕಡಿದುಹೋಗುವ ಸನ್ನಿವೇಶವನ್ನು ಬೇಕೆಂದಾಗ ತರಿಸುವುದೂ ಕಷ್ಟ. ಗ್ರಾಹಕರನ್ನು ಸಂಕಟಕ್ಕೆ ಈಡುಮಾಡುವುದಾದರೋ ಇಂಥ ಸನ್ನಿವೇಶವೇ.

ಪರಿಹಾರ ಸರಳವಾಗಿದೆ. ಸಂಪರ್ಕ ವಸ್ತುವನ್ನು ಸೃಷ್ಟಿಸುವ ಸಾಲನ್ನಷ್ಟೇ ಬೇರ್ಪಡಿಸಿ, 'ಸಂಪರ್ಕ ನಿರ್ಮಿಸು' ಎಂಬ ಪ್ರತ್ಯೇಕ ಮೆಥಡ್‌ನಲ್ಲಿ ಇಡಬೇಕು. ಇದೇ ಫ್ಯಾಕ್ಟರಿ ಮೆಥಡ್. ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸಿಡೆಸ್ ಎಂಬ ನಾಲ್ವರು 1994ರಲ್ಲಿ ಪ್ರಕಟವಾದ 'ಡಿಸೈನ್ ಪ್ಯಾಟರ್ನ್ಸ್' ಗ್ರಂಥದಲ್ಲಿ ಈ ವಿಧಾನವನ್ನು ವಿವರಿಸಿದ್ದಾರೆ. ಪರೀಕ್ಷೆಗೆಂದು 'ಪಾವತಿ'ಯ ಸಬ್‌ಕ್ಲಾಸ್ ಒಂದನ್ನು ರಚಿಸಿ, ಆ ಒಂದು ಮೆಥಡನ್ನು ಮಾತ್ರ ಬದಲಿಸಿದರೆ ಅಸಲಿ ಸಂಪರ್ಕದ ಸ್ಥಾನದಲ್ಲಿ ಅಣಕು ಸಂಪರ್ಕ ಬಂದು ಕೂರುತ್ತದೆ. ಉಳಿದ ಸಾಲುಗಳೆಲ್ಲ ಇದ್ದಂತೆಯೇ ಇರುತ್ತವೆ; ಪರೀಕ್ಷೆಗೆ ಒಳಗಾಗುವುದೂ ಅವೇ.

ಅಣಕು ವಸ್ತುವು ನಾವು ಹೇಳಿಕೊಟ್ಟ ಉತ್ತರವನ್ನೇ ನೀಡುತ್ತದೆ. ತನ್ನನ್ನು ಎಷ್ಟು ಬಾರಿ, ಯಾವ ಮೊತ್ತಕ್ಕಾಗಿ ಕರೆಯಲಾಯಿತೆಂಬ ಲೆಕ್ಕವನ್ನೂ ಇಡುತ್ತದೆ. 'ಸಂಪರ್ಕ ಕಡಿಯಿತು' ಎಂದು ಅದು ಹೇಳಿದಾಗ, ತಂತ್ರಾಂಶವು ಹಿಂದುಮುಂದು ವಿಚಾರಿಸದೆ ಎರಡನೆಯ ಬಾರಿ ಹಣ ಕಡಿತಕ್ಕೆ ಆಜ್ಞೆ ಕೊಟ್ಟರೆ ದೋಷವು ಅಲ್ಲಿಯೇ ಬಯಲಾಗುತ್ತದೆ. ಗ್ರಾಹಕರ ಖಾತೆಗೆ ಪೆಟ್ಟು ಬೀಳುವುದಿಲ್ಲ.

ಆದರೆ ಅಣಕು ವಸ್ತುವಿಗೂ ಮಿತಿಯುಂಟು. ನಾವು ಕಲಿಸಿದ್ದಷ್ಟೇ ಅದಕ್ಕೆ ಗೊತ್ತು. ಬ್ಯಾಂಕು ತನ್ನ ಉತ್ತರದ ರೂಪವನ್ನು ಬದಲಿಸಿದರೂ ಅಣಕು ವಸ್ತು ಹಳೆಯ ಪಾಠವನ್ನೇ ಒಪ್ಪಿಸುತ್ತದೆ. 2021ರ ಫೆಬ್ರವರಿ 24ರಂದು ದೂರಸಂಪರ್ಕ ಕೊಂಡಿಗಳ ತೊಂದರೆಯಿಂದ ಆರಂಭವಾದ ಸಮಸ್ಯೆಯೊಂದು ರಾಷ್ಟ್ರೀಯ ಷೇರುಪೇಟೆಯ ವಹಿವಾಟನ್ನು ಸುಮಾರು 4 ತಾಸು ನಿಲ್ಲಿಸಿತ್ತು. ಇಂಥ ಅಡಚಣೆಯನ್ನು ಒಂದು ಕ್ಲಾಸಿನ ಪರೀಕ್ಷೆ ತೋರಿಸಿಕೊಡಲಾರದು. ಆದುದರಿಂದ ದಿನನಿತ್ಯದ ಕಿರು ಪರೀಕ್ಷೆಗೆ ಅಣಕು ವಸ್ತು ಇರಲಿ. ಇಡೀ ವ್ಯವಸ್ಥೆಯನ್ನು ಒಟ್ಟಾಗಿ ಓಡಿಸಿ ನೋಡುವ ಶನಿವಾರದ ತಾಲೀಮೂ ತಪ್ಪದಿರಲಿ.