ಸೊಪ್ಪಿಗೆ ಬಗ್ಗದ ಇರುಳುಗುರುಡು

ಸಂಜೆಯಾಯಿತೆಂದರೆ ಬೆಂಚಿಗೆ ಎಡವುವ, ಪಕ್ಕದಲ್ಲಿಟ್ಟ ಲೋಟ ಉರುಳಿಸುವ ಮಾಣಿಯನ್ನು ಗದರುವುದು ನಮ್ಮ ಹೋಟೆಲುಗಳ ವಾಡಿಕೆ. ಮೊದಲು ಆತನ ಕಣ್ಣು ಪರೀಕ್ಷಿಸಿಸುವುದು ಲೇಸು.

ಇರುಳುಗುರುಡೆಂದೊಡನೆ ಸೊಪ್ಪು ತಿನ್ನಿರೆನ್ನುವವರೇ ಎಲ್ಲರೂ. ಎ ಜೀವಸತ್ತ್ವದ ಕೊರತೆಯಿಂದ ಬಂದುದಕ್ಕೆ ಆ ಮಾತು ಸರಿ. ಆದರೆ ಸುಮಾರು 4000 ಜನರಲ್ಲಿ ಒಬ್ಬರಿಗೆ ಬರುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ರೋಗ ಸೊಪ್ಪಿಗೆ ಬಗ್ಗುವುದಲ್ಲ.

ಕಣ್ಣಿನ ಹಿಂಭಾಗದ ಒಳಮೈಯನ್ನು ಆವರಿಸಿರುವ ತೆಳುಪೊರೆಯೇ ಅಕ್ಷಿಪಟಲ. ಮಂದಬೆಳಕನ್ನು ಗ್ರಹಿಸುವ ದಂಡಕೋಶಗಳು ಅದರಲ್ಲಿ ಸುಮಾರು 12 ಕೋಟಿ. ಹಗಲಿನ ನೋಟಕ್ಕೂ ಬಣ್ಣಕ್ಕೂ ಬೇಕಾದ ಶಂಕುಕೋಶಗಳು ಸುಮಾರು 60 ಲಕ್ಷ. ಜೀನಿನ ದೋಷದಿಂದ ಸಾಮಾನ್ಯವಾಗಿ ದಂಡಕೋಶಗಳು ಮೊದಲು ಸಾಯುತ್ತವೆ. ನೋಟವು ಅಂಚಿನಿಂದ ಕುಗ್ಗುತ್ತ ಬಂದು, ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಲೆಕ್ಕದ ಪುಸ್ತಕದ ಸಣ್ಣಕ್ಷರವನ್ನು ಸಲೀಸಾಗಿ ಓದುವ ಗುಮಾಸ್ತನೇ ಪಕ್ಕದಲ್ಲಿ ನಿಂತವನನ್ನು ಕಾಣಲಾರ! ಅಕ್ಷಿಪಟಲದ ಹಿಂದಿನ ಪದರದ ಕಪ್ಪುವರ್ಣ ಒಳಸರಿದು ಕಲೆಗಟ್ಟುತ್ತದೆ, ರಕ್ತನಾಳಗಳು ಸಪುರವಾಗುತ್ತವೆ. ಕಡೆಗೆ, ತಾವು ಯಾವ ತಪ್ಪನ್ನೂ ಮಾಡದ ಶಂಕುಕೋಶಗಳೂ ನೆರೆಯ ಆಸರೆ ತಪ್ಪಿ ನಶಿಸುತ್ತವೆ.

ಈ ರೋಗದ ಹಲವು ಬಗೆಗಳು ತಂದೆತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬಂದಾಗ ಮಾತ್ರ ತಲೆದೋರುತ್ತವೆ. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಮನೆತನಗಳಲ್ಲಿ ಆ ಸಂಭವ ಹೆಚ್ಚು. ಆಸ್ತಿಯ ಜೊತೆ ಇದೂ ಮನೆಯಲ್ಲೇ ಉಳಿಯುತ್ತದೆ.

2017ರಲ್ಲಿ ಅಮೆರಿಕೆಯು ಆರ್‌ಪಿಇ65 ಎಂಬ ಜೀನಿನ ದೋಷಕ್ಕೆ ಜೀನು ಚಿಕಿತ್ಸೆಯೊಂದನ್ನು ಅಂಗೀಕರಿಸಿತು. ಆದರೆ ಈ ರೋಗ ತರುವ ಜೀನುಗಳು ಐವತ್ತಕ್ಕೂ ಮಿಕ್ಕಿವೆ. ಆ ಚಿಕಿತ್ಸೆಯೂ ಬದುಕುಳಿದ ಕೋಶಗಳಿಗೇ ಹೊರತು ಸತ್ತವಕ್ಕಲ್ಲ. ಒಬ್ಬರಲ್ಲಿ ರೋಗ ಕಂಡೊಡನೆ ವೈದ್ಯರು ಒಡಹುಟ್ಟಿದವರ ಕಣ್ಣನ್ನೂ ನೋಡಬಯಸುವುದು ಇದಕ್ಕಾಗಿಯೇ.